ಪಿಂಗಾಣಿ ಬಿಲ್ಲೆಯ ಮೇಲೆ ಕನ್ನಡ ಅಕ್ಷರ

(ಕೊಂಡಾಪುರದಲ್ಲಿ ನಡೆದ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಪರಿಷ್ಕೃತ ಪಾಠ)



ರಾಜ್ಯೋತ್ಸವದ ವೇದಿಕೆಯಿಂದ ಪಿಂಗಾಣಿ ಬಿಲ್ಲೆಗಳ ಬಗ್ಗೆ ಮಾತನಾಡುತ್ತೇನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಸುಮ್ಮನಾದರು. ನಾಡುನುಡಿಯ ದಿನ ಅಡುಗೆಮನೆಯ ಗೋಡೆಗೆ ಹಚ್ಚುವ ವಸ್ತುವಿನ ವಿಚಾರವೇಕೆ ಎಂಬ ಪ್ರಶ್ನೆ ಅವರ ಮೌನದಲ್ಲಿತ್ತು. ಆದರೆ ಈ ವಿಷಯವನ್ನು ನಾನಾಗಿ ಆರಿಸಿಕೊಂಡವನಲ್ಲ. ಅದು ಸಮಿತಿಯ ಮುಂದೆ ಈಗಾಗಲೇ ಇರುವ ವಿಷಯ. ಇಲ್ಲಿ ಭಾನುವಾರಗಳಂದು ನಡೆಯುವ ಮಕ್ಕಳ ಕನ್ನಡ ತರಗತಿಯ ಗೋಡೆಯ ಮೇಲೆ ವರ್ಣಮಾಲೆಯ 49 ಅಕ್ಷರಗಳನ್ನು ಪಿಂಗಾಣಿ ಬಿಲ್ಲೆಗಳಲ್ಲಿ ಕೂರಿಸಬೇಕೆಂಬ ನಿರ್ಣಯವಾಗಿದೆ. ಕಾರ್ಖಾನೆಯೊಂದರಿಂದ ಅಕ್ಷರ ಮುದ್ರಿಸಿದ ಬಿಲ್ಲೆಗಳನ್ನು ತರಿಸಬೇಕೆಂಬುದು ಒಂದು ಪಕ್ಷ. ಕೈಯಿಂದಲೇ ಮಾಡಿ, ಮಕ್ಕಳಿಂದಲೇ ಬರೆಸಿ ಸುಡಬೇಕೆಂಬುದು ಇನ್ನೊಂದು ಪಕ್ಷ. ನಾನು ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದವನು. ಕಳೆದ ಮೂರು ವರ್ಷಗಳಿಂದ ಬಿಡುವಿನ ದಿನಗಳಲ್ಲಿ ಕೊಂಡಾಪುರದ ಒಂದು ಸಣ್ಣ ಕಾರ್ಯಾಗಾರದಲ್ಲಿ ಈ ಕೆಲಸವನ್ನು ಕಲಿಯುತ್ತಿರುವವನು. ಆ ಕಾರಣಕ್ಕೆ ಸಮಿತಿ ನನ್ನ ಅಭಿಪ್ರಾಯ ಕೇಳಿತು. ಬಿಲ್ಲೆ ಹೇಗೆ ಆಗುತ್ತದೆ ಎಂಬುದನ್ನು ಹೇಳದೆ ಅಭಿಪ್ರಾಯ ಹೇಳಿದರೆ ಅದು ಅಪ್ಪಣೆಯಾಗುತ್ತದೆಯೇ ಹೊರತು ವಿಚಾರವಾಗುವುದಿಲ್ಲ. ಆದ್ದರಿಂದ ಮೊದಲು ಮಣ್ಣಿನಿಂದ ಆರಂಭಿಸುತ್ತೇನೆ.

ಪಿಂಗಾಣಿ ಎಂಬ ಮಾತನ್ನು ನಾವೂ ತೆಲುಗರೂ ಒಂದೇ ರೀತಿ ಬಳಸುತ್ತೇವೆ. ವಸ್ತು ಮಾತ್ರ ಚೀನಾ ದೇಶದ್ದು. ಅದರ ಮುಖ್ಯ ದ್ರವ್ಯಗಳು ಮೂರು: ಬಿಳಿ ಜೇಡಿ, ಅಂದರೆ ಕೆಯೋಲಿನ್, ಬೆಣಚುಕಲ್ಲಿನ ಪುಡಿ, ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜ. ಸ್ಥೂಲವಾಗಿ ಅರ್ಧ ಭಾಗ ಜೇಡಿ, ಉಳಿದರ್ಧದಲ್ಲಿ ಮಿಕ್ಕೆರಡು ಸಮಪಾಲು. ಜೇಡಿ ಆಕಾರ ಕೊಡುತ್ತದೆ, ಬೆಣಚು ಎಲುಬಾಗುತ್ತದೆ, ಫೆಲ್ಡ್‌ಸ್ಪಾರ್ ಬೆಂಕಿಯಲ್ಲಿ ಕರಗಿ ಇವೆರಡನ್ನೂ ಗಾಜಿನಂತೆ ಬೆಸೆಯುತ್ತದೆ. 1250ರಿಂದ 1350 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದ ಈ ಮಿಶ್ರಣ ನೀರನ್ನು ಹೀರುವುದಿಲ್ಲ, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ದನಿಗೊಡುತ್ತದೆ. ಯುರೋಪಿನವರು ಇದರ ಮರ್ಮವನ್ನು ಶತಮಾನಗಳ ಕಾಲ ಹುಡುಕಿ, ಜರ್ಮನಿಯ ಮೈಸೆನ್‌ನಲ್ಲಿ 1710ರಲ್ಲಿ ಮೊದಲ ಕಾರ್ಖಾನೆಯನ್ನು ತೆರೆಯಲು ಶಕ್ತರಾದರು.

ಬಿಳಿ ಜೇಡಿ ನಮ್ಮ ಸೀಮೆಗೆ ಹೊಸದಲ್ಲ. ನಾವು ವಾಸಿಸುವ ಈ ಕೊಂಡಾಪುರವಲ್ಲದೆ ಇನ್ನೊಂದು ಕೊಂಡಾಪುರವಿದೆ. ಅದು ಸಂಗಾರೆಡ್ಡಿಯ ಬಳಿ, ಬೀದರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಹೈದರಾಬಾದಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. 1940ರ ದಶಕದ ಆರಂಭದಲ್ಲಿ ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆ ಅಲ್ಲಿ ಉತ್ಖನನ ನಡೆಸಿ, ಶಾತವಾಹನರ ಕಾಲದ ಊರೊಂದನ್ನು ಹೊರತೆಗೆಯಿತು. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಹೋದವರು ಕೆಯೋಲಿನ್ ಜೇಡಿಯ ಪುಟ್ಟ ಬೊಂಬೆಗಳನ್ನು ನೋಡಿರಬಹುದು. ಮುಂಭಾಗ, ಹಿಂಭಾಗಗಳಿಗೆ ಬೇರೆ ಬೇರೆ ಅಚ್ಚುಗಳನ್ನು ಮಾಡಿ, ಎರಡನ್ನೂ ಜೋಡಿಸಿ ತೆಗೆದ ಬೊಂಬೆಗಳವು. ಅವು ಪಿಂಗಾಣಿಯಲ್ಲ, ಅಷ್ಟು ಶಾಖ ಅವಕ್ಕೆ ದೊರೆತಿರಲಿಲ್ಲ. ಆದರೆ ಬಿಳಿ ಮಣ್ಣಿನ ಗುಣವನ್ನು ಬಲ್ಲ ಕೈಗಳು ಈ ಸೀಮೆಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಇದ್ದವು ಎಂಬುದಕ್ಕೆ ಅವು ಸಾಕ್ಷಿ.

ಇನ್ನು ಬಿಲ್ಲೆಯ ತಯಾರಿಕೆ. ಮಣ್ಣನ್ನು ಮೊದಲು ಚಪಾತಿ ಹಿಟ್ಟಿನಂತೆ ನಾದಬೇಕು. ಒಳಗೆ ಒಂದು ಗಾಳಿಗುಳ್ಳೆಯೂ ಉಳಿಯಬಾರದು. ಬಳಿಕ ಒಂದೇ ದಪ್ಪದ ಎರಡು ಮರದ ಪಟ್ಟಿಗಳ ನಡುವೆ ಮಣ್ಣನ್ನಿಟ್ಟು ಲಟ್ಟಣಿಗೆಯಿಂದ ಹಾಳೆಯಂತೆ ಲಟ್ಟಿಸಬೇಕು. ದಪ್ಪ ಸುಮಾರು 10 ಮಿಲಿಮೀಟರ್ ಇದ್ದರೆ ಸರಿ. ಕತ್ತರಿಸುವಾಗ ಲೆಕ್ಕ ಬೇಕಾಗುತ್ತದೆ. ಪಿಂಗಾಣಿ ಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ಒಟ್ಟು ಕುಗ್ಗುವಿಕೆ ನೂರಕ್ಕೆ 12ರಿಂದ 15ರಷ್ಟು. ಆರು ಅಂಗುಲದ ಬಿಲ್ಲೆ ಬೇಕಾದವನು ಏಳು ಅಂಗುಲಕ್ಕೆ ಕತ್ತರಿಸಬೇಕು. ನಾನು ಮೊದಲ ಸಲ ಈ ಲೆಕ್ಕವನ್ನು ಮರೆತು, ಚೌಕಟ್ಟಿನಲ್ಲಿ ಬಳಬಳನೆ ಅಲುಗಾಡುವ ಬಿಲ್ಲೆಗಳನ್ನು ಮನೆಗೆ ತಂದೆ.

ಒಣಗಿಸುವುದು ಅತ್ಯಂತ ತಾಳ್ಮೆಯ ಘಟ್ಟ. ಅಂಚು ಬೇಗ ಒಣಗಿ ನಡುಭಾಗ ಹಸಿಯಾಗಿ ಉಳಿದರೆ ಬಿಲ್ಲೆಯ ಮೂಲೆಗಳು ಮೇಲೇಳುತ್ತವೆ. ಆದ್ದರಿಂದ ಎರಡು ಹಲಗೆಗಳ ನಡುವೆ ಇಟ್ಟು, ದಿನಕ್ಕೊಮ್ಮೆ ಮಗುಚುತ್ತಾ ಒಂದು ವಾರವಾದರೂ ಕಾಯಬೇಕು. ಇಲ್ಲಿ ಒಂದು ವಿಚಿತ್ರವಿದೆ. ಹಸಿ ಬಿಲ್ಲೆಯನ್ನು ಎತ್ತುವಾಗ ಒಂದು ಮೂಲೆ ಬಾಗಿತೆಂದಿಟ್ಟುಕೊಳ್ಳಿ. ಕೂಡಲೇ ಒತ್ತಿ ಸಮ ಮಾಡುತ್ತೇವೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಒಲೆಯಿಂದ ಹೊರಬರುವಾಗ ಅದೇ ಮೂಲೆ ಮತ್ತೆ ಬಾಗಿರುತ್ತದೆ. ಮಣ್ಣಿಗೆ ನೆನಪಿದೆ ಎಂದು ಈ ಕಸುಬಿನವರು ಹೇಳುತ್ತಾರೆ. ಜೇಡಿಯ ಕಣಗಳು ಚಪ್ಪಟೆ ಹಾಳೆಗಳಂತಿದ್ದು, ಒಮ್ಮೆ ಬಾಗಿದಾಗ ಅವುಗಳ ಜೋಡಣೆ ಬದಲಾಗಿಬಿಡುವುದೇ ಇದಕ್ಕೆ ಕಾರಣ.

ಒಣಗಿದ ಬಿಲ್ಲೆಗೆ ಎರಡು ಸಲ ಬೆಂಕಿ. ಮೊದಲನೆಯದು ಸುಮಾರು 1000 ಡಿಗ್ರಿ. ಇದರಲ್ಲಿ 550 ಡಿಗ್ರಿಯ ಆಸುಪಾಸಿನಲ್ಲಿ ಜೇಡಿಯೊಳಗೆ ರಾಸಾಯನಿಕವಾಗಿ ಅಡಗಿದ್ದ ನೀರು ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಅದು ನೀರಿನಲ್ಲಿ ನೆನೆದು ಮತ್ತೆ ಮಣ್ಣಾಗಲಾರದು. 573 ಡಿಗ್ರಿಯಲ್ಲಿ ಬೆಣಚು ತನ್ನ ಸ್ಫಟಿಕರೂಪವನ್ನು ಬದಲಿಸಿ ಥಟ್ಟನೆ ಹಿಗ್ಗುತ್ತದೆ, ತಣಿಯುವಾಗ ಅಲ್ಲೇ ಥಟ್ಟನೆ ಕುಗ್ಗುತ್ತದೆ. ಆ ಘಟ್ಟದಲ್ಲಿ ಅವಸರಪಟ್ಟರೆ ಬಿಲ್ಲೆ ಸೀಳುತ್ತದೆ.

ಮೊದಲ ಬೆಂಕಿಯಿಂದ ಬಂದ ಬಿಲ್ಲೆ ನೀರನ್ನು ಹೀರುವಂತಿರುತ್ತದೆ. ಅದರ ಮೇಲೆ ಚಿತ್ತಾರ. ಚಿತ್ರವನ್ನು ಕಾಗದದಲ್ಲಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಬಿಲ್ಲೆಯ ಮೇಲೆ ಚುಕ್ಕಿಗಳು ಮೂಡುತ್ತವೆ. ರಂಗೋಲಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಣ್ಣಗಳೆಲ್ಲ ಲೋಹದ ಭಸ್ಮಗಳು. ಕಬ್ಬಿಣ ಕಂದನ್ನೂ ಮ್ಯಾಂಗನೀಸ್ ನೇರಳೆಗಂದನ್ನೂ ಕೊಡುತ್ತವೆ. ತಾಮ್ರ ಸೊಗಸಾದ ಹಸಿರುನೀಲಿಯನ್ನು ಕೊಡುತ್ತದೆಯಾದರೂ ಪಿಂಗಾಣಿಯ ಶಾಖದಲ್ಲಿ ಆವಿಯಾಗತೊಡಗುತ್ತದೆ. ಎಂತಹ ಬೆಂಕಿಗೂ ಜಗ್ಗದೆ ನಿಲ್ಲುವುದು ಕೋಬಾಲ್ಟಿನ ನೀಲಿ. ಚೀನಾದ ಪಾತ್ರೆಗಳಲ್ಲಿ ಬಿಳಿಯ ಮೇಲೆ ನೀಲಿಯೇ ಮೆರೆದದ್ದಕ್ಕೆ ಅಭಿರುಚಿಯಷ್ಟೇ ಈ ರಸಾಯನವೂ ಕಾರಣ. ಆದರೆ ಬರೆಯುವಾಗ ಕೋಬಾಲ್ಟ್ ಭಸ್ಮ ಬೂದುಗಪ್ಪಾಗಿರುತ್ತದೆ. ನೀಲಿ ಕಾಣುವುದು ಎರಡನೆಯ ಬೆಂಕಿಯ ನಂತರವೇ.

ಚಿತ್ರದ ಮೇಲೆ ಮೆರುಗಿನ ಲೇಪ. ಬೆಣಚು, ಫೆಲ್ಡ್‌ಸ್ಪಾರ್, ಸೀಮೆಸುಣ್ಣ, ಸ್ವಲ್ಪ ಜೇಡಿ ಇವುಗಳನ್ನು ನುಣ್ಣಗೆ ಅರೆದು ನೀರಿನಲ್ಲಿ ಮಜ್ಜಿಗೆಯಂತೆ ಕದಡಿ, ಬಿಲ್ಲೆಯನ್ನು ಅದರಲ್ಲಿ ಕ್ಷಣಮಾತ್ರ ಅದ್ದಿ ತೆಗೆಯಬೇಕು. ಬೆನ್ನನ್ನು ಒದ್ದೆಬಟ್ಟೆಯಿಂದ ಒರೆಸದಿದ್ದರೆ ಬಿಲ್ಲೆ ಒಲೆಯ ಹಲಗೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಪೂರ್ಣ ಶಾಖದ ಎರಡನೆಯ ಬೆಂಕಿ. ಬೆಂಕಿ ಆರಿದ ಮೇಲೂ ಒಂದು ದಿನ ಬಾಗಿಲು ತೆರೆಯುವಂತಿಲ್ಲ.

ಈ ತಣಿಯುವಿಕೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಮೊದಲ ಅಚ್ಚುಕಟ್ಟಾದ ಬಿಲ್ಲೆಗಳು ಒಲೆಯಿಂದ ಹೊರಬಂದಾಗ ನಿಷ್ಕಳಂಕವಾಗಿದ್ದವು. ವಾರ ಕಳೆಯುವಷ್ಟರಲ್ಲಿ ಮೆರುಗಿನ ತುಂಬ ಕೂದಲೆಳೆಯಂತಹ ಬಿರುಕುಗಳು ಬಲೆಯಾಗಿ ಹರಡಿಕೊಂಡವು. ಕಾರಣ ಸರಳ. ಒಲೆಯಲ್ಲಿ ಮಣ್ಣಿನ ಮೈ ಮತ್ತು ಗಾಜಿನ ಮೆರುಗು ಬೆಸೆದುಕೊಂಡಿರುತ್ತವೆ. ತಣಿಯುವಾಗ ಎರಡೂ ಕುಗ್ಗುತ್ತವೆ. ಮೆರುಗು ಮೈಗಿಂತ ಹೆಚ್ಚು ಕುಗ್ಗಿದರೆ ಅದು ಎಳೆತಕ್ಕೊಳಗಾಗಿ ಬಿರಿಯುತ್ತದೆ. ತೀರ ಕಡಿಮೆ ಕುಗ್ಗಿದರೆ ಅಂಚುಗಳಲ್ಲಿ ಚಕ್ಕೆಯೆದ್ದು ಉದುರುತ್ತದೆ. ಮೈಗಿಂತ ಒಂದಿಷ್ಟೇ ಕಡಿಮೆ ಕುಗ್ಗುವ ಮೆರುಗು ಮಾತ್ರ ಬಿಗಿಯಾಗಿ ನಿಲ್ಲುತ್ತದೆ. ನಾನು ಮೆರುಗಿನ ಪಾಕವನ್ನು ಒಂದು ವಿದೇಶಿ ಪುಸ್ತಕದಿಂದ ಅಕ್ಷರಶಃ ತೆಗೆದುಕೊಂಡಿದ್ದೆ. ಆ ಪಾಕ ಬರೆದವರ ಮಣ್ಣು ಬೇರೆ, ನನ್ನ ಮಣ್ಣು ಬೇರೆ. ಮೆರುಗಿನಲ್ಲಿ ಕ್ಷಾರಾಂಶ ತಗ್ಗಿಸಿ, ಬೆಣಚಿನ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಐದನೆಯ ಪ್ರಯತ್ನದಲ್ಲಿ ಬಿರುಕು ನಿಂತಿತು. ಪಾಕವನ್ನು ಎಲ್ಲಿಂದಲಾದರೂ ತರಬಹುದು. ಅದು ನಿಲ್ಲಬೇಕಾದರೆ ಇಲ್ಲಿನ ಮಣ್ಣಿಗೆ ಹೊಂದಬೇಕು ಎಂಬುದನ್ನು ನಾನು ಕಲಿತದ್ದು ಹೀಗೆ.

ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಬೀದರಿಗೆ ಹೋಗೋಣ. 1956ರ ನವೆಂಬರ್ 1ರವರೆಗೆ ಬೀದರ್ ಮತ್ತು ಹೈದರಾಬಾದ್ ಒಂದೇ ರಾಜ್ಯದಲ್ಲಿದ್ದವು. ಇಂದು ನಾವು ಆಚರಿಸುವ ದಿನವೇ ಬೀದರ್ ಜಿಲ್ಲೆ ಮೂರು ಪಾಲಾದ ದಿನವೂ ಹೌದು: ಬೀದರ್, ಭಾಲ್ಕಿ, ಹುಮನಾಬಾದ್ ಸೀಮೆ ಮೈಸೂರಿಗೆ ಬಂತು, ಉದಗೀರ್ ಸೀಮೆ ಮುಂಬಯಿ ರಾಜ್ಯಕ್ಕೆ ಹೋಯಿತು, ಜಹೀರಾಬಾದ್, ನಾರಾಯಣಖೇಡ್‌ಗಳು ಆಂಧ್ರದ ಮೇದಕ್ ಜಿಲ್ಲೆಗೆ ಸೇರಿದವು. ನಮ್ಮಲ್ಲಿ ಕೆಲವರು ವಲಸೆ ಬಂದವರು, ಕೆಲವರು ಇದ್ದಲ್ಲೇ ಇದ್ದು ಹೊರನಾಡಿನವರಾದವರು.

ಬೀದರಿನಲ್ಲಿ ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗಾವಾನ್ ಕಟ್ಟಿಸಿದ ವಿದ್ಯಾಲಯವಿದೆ. ಅದು ಮುಗಿದದ್ದು 1472ರಲ್ಲಿ. 1696ರಲ್ಲಿ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಹಾಳಾದರೂ, ಉಳಿದ ಮಿನಾರಿನ ಮೇಲೆ ಹಾವಿನ ನಡೆಯಂತಹ ಪಟ್ಟೆಗಳ ಬಿಲ್ಲೆಗಳೂ, ಗೋಡೆಯ ಮೇಲೆ ಬಿಲ್ಲೆಗಳಲ್ಲಿ ಬರೆದ ಅಕ್ಷರಪಟ್ಟಿಕೆಯೂ ಇಂದಿಗೂ ಕಾಣುತ್ತವೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಬಿಲ್ಲೆಗೆಲಸದ ಜೊತೆಗೆ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವಿದೆ. ಇವು ಶುದ್ಧಾರ್ಥದಲ್ಲಿ ಪಿಂಗಾಣಿಯಲ್ಲ. ಇರಾನಿನ ಪರಂಪರೆಯ ಮೆರುಗುಬಿಲ್ಲೆಗಳು. ಶಾಖ ಕಡಿಮೆಯಾದ್ದರಿಂದ ತಾಮ್ರದ ಹಸಿರುನೀಲಿ ಅವುಗಳಲ್ಲಿ ಸಾಧ್ಯ. ಆ ಪರಂಪರೆಯ ಕೆತ್ತುಬಿಲ್ಲೆ ಕೆಲಸದಲ್ಲಿ ಪ್ರತಿ ಬಣ್ಣದ ಹಲಗೆಯನ್ನೂ ಅದಕ್ಕೊಪ್ಪುವ ಶಾಖದಲ್ಲಿ ಬೇರೆ ಬೇರೆಯಾಗಿ ಸುಟ್ಟು, ಉಳಿಯಿಂದ ಹೂ ಎಲೆಗಳ ಆಕಾರಕ್ಕೆ ಕತ್ತರಿಸಿ, ಚಿತ್ರದ ಮೇಲೆ ಮುಖಡಿಯಾಗಿ ಜೋಡಿಸಿ, ಬೆನ್ನಿಗೆ ಗಾರೆ ಹೊಯ್ದು ಗೋಡೆಗೆ ಏರಿಸುತ್ತಿದ್ದರು. ಹೈದರಾಬಾದಿನಲ್ಲಿ ಈ ಬಗೆಯ ಕೆಲಸವನ್ನು ನೋಡಬೇಕಾದರೆ ಚಾರ್‌ಮಿನಾರಿನ ಸಮೀಪದ ಬಾದಶಾಹಿ ಆಶೂರ್‌ಖಾನಾಕ್ಕೆ ಹೋಗಬೇಕು. 1590ರ ದಶಕದಲ್ಲಿ ಮಹಮ್ಮದ್ ಕುಲಿ ಕುತುಬ್ ಷಾ ಕಟ್ಟಿಸಿದ ಆ ಭವನದ ಬಿಲ್ಲೆಗಳಲ್ಲಿ ಕೆಳಭಾಗದವು 1908ರ ಮೂಸಿ ನದಿಯ ಪ್ರವಾಹದಲ್ಲಿ ಹಾಳಾದವು. ಆ ಜಾಗದಲ್ಲಿ ಬಿಲ್ಲೆಗಳಂತೆಯೇ ಕಾಣುವ ಚಿತ್ರವನ್ನು ಗಾರೆಯ ಮೇಲೆ ಬಣ್ಣದಿಂದ ಬರೆದರು.

ಈಗ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ. ಬೀದರಿನಲ್ಲಿ ಬಹಮನಿಗಳ ಆಶ್ರಯದಲ್ಲಿ ಬೆಳೆದ ಇನ್ನೊಂದು ಕಸುಬು ಬಿದರಿ. ಅದೂ ಇರಾನಿನ ಕಡೆಯಿಂದ ಬಂದದ್ದೆಂದೇ ಐತಿಹ್ಯ. ಬಿದರಿ ಇಂದಿಗೂ ಜೀವಂತವಾಗಿದೆ. 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು, 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅದೇ ಊರಿನ ಬಿಲ್ಲೆಗೆಲಸ ಮಾತ್ರ ಗೋಡೆಯಲ್ಲೇ ಉಳಿಯಿತು, ಕೈಯಲ್ಲಿ ಉಳಿಯಲಿಲ್ಲ. ಏಕೆ? ನನಗೆ ತೋಚಿದ್ದನ್ನು ಹೇಳುತ್ತೇನೆ, ಇತಿಹಾಸಜ್ಞರು ತಿದ್ದಬಹುದು. ಬಿದರಿಯ ಕಪ್ಪು ಬರುವುದು ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಅದರಲ್ಲಿ ಪಾತ್ರೆಯನ್ನು ಅದ್ದುವುದರಿಂದ. ಅದು ಊರಿನ ಮಣ್ಣನ್ನು ಹಿಡಿಯಿತು. ಅದರಿಂದಾದ ಹುಕ್ಕಾ, ಹೂಜಿ, ಡಬ್ಬಿಗಳು ಅರಮನೆಯಿಂದ ಹೊರಗೆ ಮನೆಗಳಿಗೆ ಹೋದವು. ತಂದೆ ಮಗನಿಗೆ ಕಲಿಸಲು ಅದೊಂದು ಅನ್ನದ ದಾರಿಯಾಯಿತು. ಬಿಲ್ಲೆಯನ್ನು ಕೇಳುತ್ತಿದ್ದವನು ಸುಲ್ತಾನನೊಬ್ಬನೇ. ಅರಮನೆಗಳು ನಿಂತ ದಿನ ಒಲೆಯೂ ಆರಿತು. ಅದರ ಅಂದದಲ್ಲಿ ಕೊರತೆಯಿರಲಿಲ್ಲ. ಅದು ನೆರೆಮನೆಗೆ ಹೋಗಲಿಲ್ಲ, ಅಷ್ಟೆ.

ಕಳೆದುಹೋದದ್ದು ಮರಳುವುದೂ ಉಂಟು. ದೆಹಲಿಯ ಹುಮಾಯೂನನ ಗೋರಿಯ ಜೀರ್ಣೋದ್ಧಾರ 2013ರಲ್ಲಿ ಮುಗಿಯಿತು. ಅದರ ಮೇಲ್ಛಾವಣಿಯ ಪುಟ್ಟ ಮಂಟಪಗಳಿಗೆ ಮೆರುಗುಬಿಲ್ಲೆಗಳು ಬೇಕಾದಾಗ ಆಗಾ ಖಾನ್ ಸಂಸ್ಥೆಯವರು ಉಜ್ಬೇಕಿಸ್ತಾನದಿಂದ ಕುಶಲಿಗಳನ್ನು ಕರೆಸಿದರು. ಆದರೆ ಅವರಿಂದ ಬಿಲ್ಲೆ ಮಾಡಿಸಿಕೊಂಡು ಸುಮ್ಮನಾಗಲಿಲ್ಲ. ಪಕ್ಕದ ನಿಜಾಮುದ್ದೀನ್ ಬಸ್ತಿಯ ತರುಣರಿಗೆ ಆ ಕೆಲಸವನ್ನು ಕಲಿಸಿದರು. ನೆರೆಯವರ ಕೈಗೆ ಬಂದಾಗ ಕಸುಬಿಗೆ ಮತ್ತೆ ಜೀವ ಬಂತು.

ಬಂಧುಗಳೇ, ನಮ್ಮ ಗೋಡೆಯ ವಿಚಾರಕ್ಕೆ ಬರುತ್ತೇನೆ. ಕಾರ್ಖಾನೆಯ ಬಿಲ್ಲೆಯನ್ನು ನಾನು ಹೀಗಳೆಯುವುದಿಲ್ಲ. ಗುಜರಾತಿನ ಮೋರ್ಬಿಯಂತಹ ಕಡೆಗಳಲ್ಲಿ ಮಣ್ಣಿನ ಪುಡಿಯನ್ನು ಯಂತ್ರದಿಂದ ಅಪಾರ ಒತ್ತಡದಲ್ಲಿ ಅದುಮಿ, ಶಾಯಿ ಚಿಮ್ಮುವ ಯಂತ್ರದಿಂದ ಚಿತ್ರ ಮುದ್ರಿಸಿ, ಉರುಳೆಗಳ ಮೇಲೆ ಸಾಗುವ ಒಲೆಯಲ್ಲಿ ಸುಮಾರು ಒಂದು ಗಂಟೆಯಲ್ಲಿ ಸುಟ್ಟು ತೆಗೆಯುತ್ತಾರೆ. ಅದು ಗಟ್ಟಿ, ಸಮತಲ, ಅಗ್ಗ. ಪಿಂಗಾಣಿ ನೆಲಬಿಲ್ಲೆ ತನ್ನ ತೂಕದ ನೂರಕ್ಕೆ ಅರ್ಧ ಭಾಗಕ್ಕಿಂತ ಹೆಚ್ಚು ನೀರು ಹೀರಬಾರದೆಂಬ ಅಂತರರಾಷ್ಟ್ರೀಯ ನಿಯಮವನ್ನು ಅದು ನಿರಾಯಾಸವಾಗಿ ಪಾಲಿಸುತ್ತದೆ. ನಮ್ಮೆಲ್ಲರ ಮನೆಗಳ ನೆಲದಲ್ಲಿರುವುದೂ ಅದೇ. ಗೋಡೆ ಅಲಂಕರಿಸುವುದಷ್ಟೇ ಉದ್ದೇಶವಾದರೆ ಕಾರ್ಖಾನೆಯ ಪಕ್ಷವೇ ಸರಿ.

ಆದರೆ ಉದ್ದೇಶ ಬೇರೆಯಿದೆಯೆಂದು ನನಗೆ ತಿಳಿದದ್ದು ನನ್ನ ಮನೆಯಲ್ಲೇ. ಮನೆಯ ಬಾಗಿಲಿಗೆ ಕನ್ನಡದಲ್ಲಿ ಹೆಸರಿನ ಬಿಲ್ಲೆ ಮಾಡಲು ಹೊರಟಾಗ, ಬಣ್ಣ ತುಂಬಲು ಬಂದ ನನ್ನ ಮಗಳು ಒತ್ತಕ್ಷರವನ್ನು ಅಕ್ಷರದ ಪಕ್ಕದಲ್ಲಿ ಬರೆದಳು. ಕೊಂಡಾಪುರದಲ್ಲೇ ಬೆಳೆದವಳು, ಕನ್ನಡವನ್ನು ಸೊಗಸಾಗಿ ಮಾತನಾಡುತ್ತಾಳೆ. ಓದಲು ಕಲಿಸಬೇಕಾದ ವಯಸ್ಸಿನಲ್ಲಿ ನಾನು ವರ್ಗಾವಣೆ, ಕಚೇರಿ, ಪ್ರವಾಸ ಎಂದು ಓಡಾಡಿದೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಮಾತ್ರ ತಪ್ಪದೆ ಭಾಷಣ ಮಾಡಿದೆ. ನನ್ನ ಮನೆಯ ಕನ್ನಡವೂ ಸುಲ್ತಾನನ ಬಿಲ್ಲೆಯಂತೆ ಗೋಡೆಯಲ್ಲಿ ಉಳಿದು ಕೈಯಿಂದ ಜಾರುವ ಹಾದಿಯಲ್ಲಿತ್ತು. ಇದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಲು ನನಗೆ ಸಂಕೋಚವಿದೆ. ಆದರೆ ಈ ಸಂಕೋಚ ನನ್ನೊಬ್ಬನದಲ್ಲವೆಂದು ಭಾವಿಸುತ್ತೇನೆ.

ಪ್ರಯೋಗಕ್ಕೆಂದು ನಮ್ಮ ತರಗತಿಯ ಮಕ್ಕಳಿಂದ ಹನ್ನೆರಡು ಅಕ್ಷರಗಳನ್ನು ಬರೆಸಿದೆವು. ಬಿಲ್ಲೆಯ ಮೇಲೆ ಬರೆದದ್ದನ್ನು ಸುಟ್ಟ ನಂತರ ಅಳಿಸಲಾಗದೆಂದು ತಿಳಿಸಿದಾಗ, ಅವರು ತಾವಾಗಿಯೇ ಕಾಗದದ ಮೇಲೆ ಮತ್ತೆ ಮತ್ತೆ ಬರೆದು ಅಭ್ಯಾಸ ಮಾಡಿದರು. 'ಮ' ಮತ್ತು 'ವ'ಗಳ ವ್ಯತ್ಯಾಸವನ್ನು ಕುರಿತು ಅವರಲ್ಲೇ ವಾದವಾಯಿತು. ಬೂದುಬಣ್ಣವನ್ನು ಕಂಡು ನಿರಾಶರಾಗಿದ್ದವರು ಒಲೆಯ ಬಾಗಿಲು ತೆರೆದಾಗ ನೀಲಿ ಕಂಡು ಕೂಗಾಡಿದರು. ಹನ್ನೆರಡರಲ್ಲಿ ನಾಲ್ಕು ಹಾಳಾದವು. ಒಣಗಿಸುವಲ್ಲಿ ನಾನು ಮಾಡಿದ ಅವಸರವೇ ಅದಕ್ಕೆ ಕಾರಣ. 'ಳ' ಬರೆದ ಹುಡುಗಿ ತನ್ನ ಅಕ್ಷರ ಸೀಳಿದ್ದನ್ನು ಕಂಡು, ಅದನ್ನು ಬೇರೆ ಯಾರಿಗೂ ಕೊಡಬೇಡಿ, ನಾನೇ ಮತ್ತೆ ಬರೆಯುತ್ತೇನೆ ಎಂದಳು.

ಹಣದ ವಿಷಯದಲ್ಲಿ ಒಬ್ಬ ಹಿರಿಯರು ಎತ್ತಿದ ಆಕ್ಷೇಪಣೆ ನ್ಯಾಯವಾದದ್ದು: ಬಿಲ್ಲೆಗಳಿಗೆ ವ್ಯಯಿಸುವುದನ್ನು ಅಧ್ಯಾಪಕರಿಗೆ ಕೊಡಬಾರದೇ? ಎರಡರಲ್ಲಿ ಒಂದೇ ಸಾಧ್ಯವಾದರೆ ಅಧ್ಯಾಪಕರನ್ನೇ ಆರಿಸಿ, ಗೋಡೆ ಬರಿದಾಗಿರಲಿ. ಆದರೆ ಕೈಕೆಲಸದ ಪಕ್ಷ ಒಪ್ಪಿಗೆಯಾದರೆ ಅದನ್ನು ಅಲಂಕಾರವೆಂದು ಲೆಕ್ಕಕ್ಕೆ ಬರೆಯಬೇಡಿ, ಪಾಠವೆಂದು ಬರೆಯಿರಿ. 49 ಅಕ್ಷರಗಳಿಗೆ ಸುಮಾರು 70 ಬಿಲ್ಲೆಗಳನ್ನಾದರೂ ಮಾಡಬೇಕಾದೀತು, ಏಕೆಂದರೆ ಮೂರರಲ್ಲಿ ಒಂದು ಕೈಕೊಡುತ್ತದೆ. ನಾಲ್ಕು ತಿಂಗಳಾದರೂ ಹಿಡಿಯುತ್ತದೆ. ಕೆಲವು ಮೂಲೆಗಳು ಬಾಗಿರುತ್ತವೆ, ಎರಡು ನೀಲಿಗಳು ಒಂದೇ ಸಮನಾಗಿರುವುದಿಲ್ಲ. ಬಿಲ್ಲೆ ಸಿದ್ಧವಾಗದ ಅಕ್ಷರದ ಜಾಗವನ್ನು ಖಾಲಿ ಬಿಡೋಣ. ಆಶೂರ್‌ಖಾನಾದ ಕೆಳಗೋಡೆಯಂತೆ ಅದರ ಮೇಲೆ ಬಣ್ಣ ಬಳಿದು ಮುಚ್ಚುವುದು ಬೇಡ.

ನನಗೆ ಬೇಕಾದದ್ದು ಮಂಜೂರಾತಿಗಿಂತ ಹೆಚ್ಚಾಗಿ ಜನ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ಲಟ್ಟಿಸಲು, ಮಗುಚಲು, ಮಕ್ಕಳ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದಿಸಲು ಆರೇಳು ಮಂದಿ ಹಿರಿಯರು ಬೇಕು. ಹೊರಗೆ ಬಾಗಿಲ ಬಳಿ ಒಂದು ಹಾಳೆಯನ್ನಿಟ್ಟಿದ್ದೇನೆ. ಬರಬಲ್ಲವರು ಹೆಸರು ಬರೆಯಬೇಕಾಗಿ ವಿನಂತಿ. ಮೊದಲನೆಯ ಹೆಸರು ಈಗಾಗಲೇ ಇದೆ. ಅದನ್ನು ನನ್ನ ಮಗಳು ಕನ್ನಡದಲ್ಲೇ ಬರೆದಿದ್ದಾಳೆ, ಒತ್ತಕ್ಷರ ಕೆಳಗಿದೆ.